ಜೋಳಿಗಿ ಹಕ್ಕಿಗಳು ಎದ್ದ ದಿನ

ಕಬ್ಬಿಣಕ್ಕೆ ವಾಸನೆ ಇಲ್ಲ ಎನ್ನುವವರು ಅದನ್ನು ಬೆವೆತ ಅಂಗೈಯಲ್ಲಿ ಹಿಡಿದು ನೋಡಿರುವುದಿಲ್ಲ. ಹೋದ ವಾರ ನಾನು ಕಲಿಸುವ ಕುಷ್ಟಗಿಯ ಶಾಲೆಯಲ್ಲಿ, ಮಧ್ಯಾಹ್ನದ ಊಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದ ಹೊತ್ತಿಗೆ, ಐದನೆಯ ತರಗತಿಯ ಭೂಮಿಕಾ ಎಂಬ ಹುಡುಗಿ ನಲ್ಲಿಯ ಹತ್ತಿರ ಮೂರ್ಛೆ ಬಂದು ಬಿದ್ದಳು. ನಾನು ಓಡಿಹೋಗಿ ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಕೈ ಕೊಟ್ಟು ಕುಳಿತೆ. ಅಷ್ಟರಲ್ಲಿ ಅಡುಗೆಯ ಹನುಮವ್ವ ಉಗ್ರಾಣದ ಕೀಲಿಕೈ ಗೊಂಚಲನ್ನು ತಂದು, "ಸರೀರಿ ಅಕ್ಕೋರ" ಎಂದು ಹುಡುಗಿಯ ಮುಷ್ಟಿಯೊಳಗೆ ತುರುಕಿದಳು. ನಾನು ಬೇಡ ಎನ್ನಬೇಕಿತ್ತು. ಎರಡು ಮೂರು ನಿಮಿಷದಲ್ಲಿ ಹುಡುಗಿ ಕಣ್ಣು ಬಿಟ್ಟಳು. "ನೋಡ್ರಿ, ಕಬ್ಬಿಣ ಮುಟ್ಟಿದ್ದ ತಡ ಎದ್ಲು" ಎಂದು ಹನುಮವ್ವ ಸುತ್ತ ನಿಂತವರಿಗೆಲ್ಲ ಸಾರಿದಳು. ಆಮೇಲೆ ನಾನು ಆ ಮಗುವಿನ ಕೈಯನ್ನು ನನ್ನ ಸೆರಗಿನಿಂದ ಒರೆಸುವಾಗ ಆ ವಾಸನೆ ಬಂತು. ತುಕ್ಕು, ಬೆವರು, ಮತ್ತು ಅದರ ಬೆನ್ನಿಗೇ, ಆ ಶಾಲೆಯ ಸುತ್ತ ಹರದಾರಿ ದೂರ ಕೆರೆಯಿಲ್ಲದಿದ್ದರೂ, ಬಿಸಿಲಿಗೆ ಕಾದ ಮೀನಿನ ನಾತ. ಅದು ನಮ್ಮ ಹಿತ್ತಲಿನ ನಾತ. ಮೂವತ್ತು ವರ್ಷದಿಂದ ನಾನು ಅದನ್ನು ಎಲ್ಲೂ ಮೂಸಿರಲಿಲ್ಲ.

ನಮ್ಮೂರು ಗಂಗಾವತಿ ಕಡೆಯದು. ಕಾಲುವೆ ಬಂದ ಮೇಲೆ ಬಸಿನೀರು ಇಳಿದು ಬೇಸಿಗೆಯಲ್ಲೂ ಬತ್ತದಂತಾದ ಒಂದು ಕೆರೆ, ಏರಿಯ ಕೆಳಗೆ ಭತ್ತದ ಗದ್ದೆ, ಏರಿಗೆ ಬೆನ್ನು ಕೊಟ್ಟು ಕುಳಿತ ಹಾಗೆ ನಮ್ಮ ಮಣ್ಣಿನ ಮಾಳಿಗೆಯ ಮನೆ. ಹಿತ್ತಲಲ್ಲಿ ಒಂದು ದೊಡ್ಡ ಹುಣಸೆ ಮರವಿತ್ತು. ಆ ಮರದ ಹಣ್ಣನ್ನು ನಾವು ತಿಂದದ್ದು ಅಷ್ಟರಲ್ಲೇ ಇದೆ, ಅದು ಹಕ್ಕಿಗಳ ಮರ. ಹೆಜ್ಜಾರ್ಲೆ ಎಂಬ ಹೆಸರನ್ನು ನಾನು ಕಲಿತದ್ದು ಮುಂದೆ ಪುಸ್ತಕದಿಂದ. ನಮ್ಮ ಮನೆಯಲ್ಲಿ ಅದನ್ನು ಜೋಳಿಗಿ ಹಕ್ಕಿ ಎನ್ನುತ್ತಿದ್ದೆವು. ಕೊಕ್ಕಿನ ಕೆಳಗೆ ಜೋತುಬಿದ್ದ ಆ ತೊಗಲಿನ ಚೀಲ ಭಿಕ್ಷೆಗೆ ಬರುವ ಅಯ್ಯನವರ ಜೋಳಿಗೆಯ ಹಾಗೇ ಇತ್ತು. ದೀಪಾವಳಿ ಕಳೆದು ಗದ್ದೆಯ ಮೇಲೆ ಮುಂಜಾನೆ ಮಂಜು ಕೂರತೊಡಗಿದಾಗ ಅವು ಬರುತ್ತಿದ್ದವು. ಒಂದು ದಿನ ನಾಲ್ಕು, ಮರುದಿನ ಹತ್ತು, ವಾರ ಕಳೆಯುವಷ್ಟರಲ್ಲಿ ಮರ ಬೂದುಬಿಳಿ ಆಗಿಬಿಡುತ್ತಿತ್ತು. ಅಷ್ಟು ಭಾರದ ಹಕ್ಕಿ, ನೆಲದ ಮೇಲೆ ನಡೆದರೆ ಬಸುರಿ ಹೆಂಗಸಿನ ಹಾಗೆ ತೊನೆಯುತ್ತ ನಡೆಯುವಂಥದ್ದು, ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೆ ಬಿಸಿಗಾಳಿಯ ಮೇಲೆ ಸುತ್ತು ಸುತ್ತಾಗಿ ಏರಿ ಚುಕ್ಕೆಯಾಗುವುದನ್ನು ನೋಡುತ್ತ ನಾನು ಎಷ್ಟೋ ಸಲ ಶಾಲೆಯ ಹೊತ್ತು ಮೀರಿಸಿದ್ದೇನೆ.

ಹಕ್ಕಿ ಮರದಲ್ಲಿರುವಷ್ಟು ದಿನ ಮನೆಯಲ್ಲಿ ಗದ್ದಲ ಮಾಡುವಂತಿರಲಿಲ್ಲ. ಇದು ಅಜ್ಜಿಯ ಕಟ್ಟಳೆ. "ಬಾಣಂತಿ ಮಲಗಿದ ಮನಿಯಾಗ ಬಡಬಡ ಮಾಡಬಾರದು" ಎನ್ನುತ್ತಿದ್ದಳು. ಅವ್ವ ಬಟ್ಟೆಯನ್ನು ಹಿತ್ತಲ ಕಲ್ಲಿನ ಮೇಲೆ ಒಗೆಯದೆ ಕಾಲುವೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಕಟ್ಟಿಗೆಯನ್ನು ಹಕ್ಕಿ ಬರುವ ಮೊದಲೇ ಒಡೆದು ಒಟ್ಟಿರಬೇಕು. ಹೋಳಿ ಹುಣ್ಣಿಮೆಗೆ ಊರೆಲ್ಲ ಹಲಗೆ ಬಡಿದರೂ ನಮ್ಮ ಓಣಿಯ ಮೂಲೆ ಬಂದಾಗ ಹುಡುಗರು ಹಲಗೆಯನ್ನು ಬಗಲಿಗೆ ಅವುಚಿಕೊಂಡು ಕಳ್ಳರ ಹಾಗೆ ದಾಟಿಹೋಗುತ್ತಿದ್ದರು. ನಾವು ಮಕ್ಕಳೂ ಹಿತ್ತಲಲ್ಲಿ ಕೈಸನ್ನೆಯಲ್ಲೇ ಜಗಳ ಆಡುವುದನ್ನು ಕಲಿತಿದ್ದೆವು. ಬಚ್ಚಲಿಗೆ ಹೋಗಬೇಕಾದರೆ ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಂಡು ಓಡಬೇಕು, ಇಲ್ಲವಾದರೆ ಮೇಲಿನಿಂದ ಸುಣ್ಣದ ಅಭಿಷೇಕ. ಆದರೆ ಆ ಹೊಲಸಿಗೇ ಬೆಲೆ. ಮರದ ಕೆಳಗೆ ಎರಡು ಗುಂಡಿ ತೋಡಿ ಕೆರೆಯ ಹೂಳು ತುಂಬಿಡುತ್ತಿದ್ದರು. ಆರು ತಿಂಗಳು ಹಿಕ್ಕೆ, ಮೀನಿನ ಮುಳ್ಳು, ಗರಿ ಎಲ್ಲ ಅದರಲ್ಲಿ ಬಿದ್ದು ಕೊಳೆತು, ಹಕ್ಕಿ ಹೋದ ಮೇಲೆ ಗದ್ದೆಗೆ ಗೊಬ್ಬರವಾಗುತ್ತಿತ್ತು. ಕೆರೆಯಲ್ಲಿ ಬಲೆ ಹಾಕುತ್ತಿದ್ದ ಮಾಬೂಸಾಬರಿಗೆ ಅದರಲ್ಲಿ ಒಂದು ಬಂಡಿ ಪಾಲು. ಅದಕ್ಕೆ ಪ್ರತಿಯಾಗಿ ಅವರು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿಕೊಂಡು ಹೋಗಿ, ಸಣ್ಣ ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕುತ್ತಿದ್ದರು. ಹಕ್ಕಿ ತಿನ್ನುವ ಮೀನೆಲ್ಲ ಮಾಬೂಸಾಬರ ಬಲೆಗೆ ಬೀಳಬೇಕಾದದ್ದು, ಆದರೂ ಅವರು ಒಂದು ದಿನವೂ ಅದರ ಮಾತೆತ್ತಿದವರಲ್ಲ.

ನನಗೆ ಹಕ್ಕಿಯ ವಿದ್ಯೆ ಹೇಳಿಕೊಟ್ಟವಳು ನೀಲತ್ತಿ. ನೀಲವ್ವ ಅವಳ ಹೆಸರು, ಅಪ್ಪನ ತಂಗಿ. ನನಗೆ ಒಂಬತ್ತಾಗಿದ್ದಾಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದಿರಬೇಕು. ಹಿತ್ತಲ ಬಾಗಿಲಿನ ಮೆಟ್ಟಿಲಿನ ಮೇಲೆ ಮೊಣಕಾಲು ತಬ್ಬಿಕೊಂಡು ಕುಳಿತು ಅವಳು ಇಡೀ ದಿನ ಮರ ನೋಡುತ್ತಿದ್ದಳು. ಗೂಡು ಎಷ್ಟು ಎಂದು ಮರೆಯದಿರಲು ಒಂದು ನೂಲಿನಲ್ಲಿ ಗೂಡಿಗೊಂದರಂತೆ ಗಂಟು ಹಾಕುತ್ತಿದ್ದಳು. ಗಂಡು ಒಂದೊಂದೇ ಒಣಕಡ್ಡಿ ತರುತ್ತದೆ, ಹೆಣ್ಣು ಕುಳಿತಲ್ಲೇ ಇಸಿದುಕೊಂಡು ಹೆಣೆಯುತ್ತದೆ ಎಂದು ತೋರಿಸಿದವಳು ಅವಳು. ಮೊಟ್ಟೆ ಇಟ್ಟಾಗ ಸುಣ್ಣದ ಬಿಳುಪು, ದಿನ ಹೋದಂತೆ ಕೆಸರು ಹತ್ತಿ ಕಂದು. ಅವಕ್ಕೆ ಕಾಲ ಪಾದದಿಂದ ಕಾವು ಕೊಡುತ್ತವೆ. ಬಿಸಿಲು ಹೆಚ್ಚಾದರೆ ರೆಕ್ಕೆ ಬಿಚ್ಚಿ ನೆರಳು ಕೊಡುತ್ತವೆ. ಗಂಡಹೆಂಡತಿ ಪಾಳಿ ಹಾಕಿಕೊಂಡು ಕೂರುತ್ತವೆ. ಜೋಳಿಗೆ ಎಂದು ನಾವು ಹೆಸರಿಟ್ಟದ್ದೂ ತಪ್ಪೇ ಅಂತೆ. ಅದರಲ್ಲಿ ಮೀನು ಕೂಡಿಡುವುದಿಲ್ಲ, ನೀರು ಸಮೇತ ಮೀನನ್ನು ಬಾಚಿಕೊಂಡು, ಕೊಕ್ಕನ್ನು ಎದೆಗೆ ಒತ್ತಿ ನೀರು ಹೊರಗೆ ಬಿಟ್ಟು, ಮೀನನ್ನು ನುಂಗಿಬಿಡುತ್ತವೆ. ಇದನ್ನೆಲ್ಲ ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಇನ್ನೊಂದು ವಿಚಿತ್ರವನ್ನೂ ಅವಳೇ ಹೇಳಿದ್ದು. ಈ ಹಕ್ಕಿಯ ಮರಿಗಳು ಕಿವಿ ಹರಿಯುವ ಹಾಗೆ ಅರಚುತ್ತವೆ, ಬೆಳೆದಂತೆ ದನಿ ಇಂಗಿ ಹೋಗುತ್ತದೆ, ದೊಡ್ಡವಾದ ಮೇಲೆ ಮೂಕ. ಕೊಕ್ಕು ಬಡಿಯುವುದು, ಬುಸುಗುಡುವುದು, ಗೂಡಿನಲ್ಲಿ ಒಂದಿಷ್ಟು ಗುರುಗುಟ್ಟುವುದು, ಅಷ್ಟೆ. "ಅಷ್ಟು ದೊಡ್ಡ ಬಾಯಿ ಇದ್ರೂ ಮಾತಿಲ್ಲ ನೋಡು ಗಿರಿಜಿ. ನಿನ್ನ ಬಾಯಿ ಇಷ್ಟ ಐತಿ, ಮಾತು ನೋಡಿದ್ರ ಮೂಟಿಗಟ್ಲೆ" ಎಂದು ನನ್ನ ಗಲ್ಲ ಹಿಂಡುತ್ತಿದ್ದಳು.

ಅವಳು ಇಡೀ ದಿನ ಮೆಟ್ಟಿಲಿನ ಮೇಲೆ ಕೂರುತ್ತಿದ್ದುದಕ್ಕೆ ಕಾರಣವಿತ್ತು. ಹದಿನಾರನೆಯ ವಯಸ್ಸಿನಲ್ಲಿ ಅವಳಿಗೆ ಮೊದಲ ಸಲ ಮೂರ್ಛೆ ಬಂದಿತ್ತು. ಆಗ ಅಜ್ಜಿಯ ಸೊಂಟದಲ್ಲಿ ಕಣಜದ ಕೋಣೆಯ ಕೀಲಿಕೈ ಇತ್ತಂತೆ, ಗೇಣುದ್ದದ ಕಪ್ಪು ಕಬ್ಬಿಣದ್ದು. ಅದನ್ನೇ ಮಗಳ ಅಂಗೈಗೆ ಒತ್ತಿದಳು, ಮಗಳು ಕಣ್ಣು ಬಿಟ್ಟಳು. ಅಂದಿನಿಂದ ಆ ಕೀಲಿಕೈಯೇ ಮದ್ದು. ಬೇರೆ ಕಬ್ಬಿಣಕ್ಕೆ ಆ ಗುಣವಿಲ್ಲ ಎಂದು ಅಜ್ಜಿ ನಂಬಿದ್ದಳು, ಅಜ್ಜಿ ನಂಬಿದ ಮೇಲೆ ಮನೆಯೆಲ್ಲ ನಂಬಿತು. ಕೋಣೆಯ ಕೀಲಿ ಎಂದೋ ಮುರಿದುಹೋಗಿತ್ತು, ಕೀಲಿಕೈ ಮಾತ್ರ ಪಡಸಾಲೆಯ ಬಾಗಿಲ ಹಿಂದಿನ ಮೊಳೆಯಲ್ಲಿ, ನೀಲತ್ತಿಯ ಗಂಟಿನ ನೂಲುಗಳ ಜೊತೆ ತೂಗುತ್ತಿತ್ತು. ದವಾಖಾನೆಗೂ ಒಮ್ಮೆ ತೋರಿಸಿದ್ದರು. ಕೊಟ್ಟ ಗುಳಿಗೆ ತಿಂದರೆ ದಿನವಿಡೀ ಮಬ್ಬು ಬರುತ್ತದೆ ಎಂದು ಅವಳು ಬಿಟ್ಟುಬಿಟ್ಟಳು. ಕೀಲಿಕೈ ಇರುವಾಗ ಗುಳಿಗೆ ಯಾಕೆ ಎಂದು ಮನೆಯವರೂ ಸುಮ್ಮನಾದರು. ಆದರೆ ಕೀಲಿಕೈ ಹಿಡಿಯುವ ಒಬ್ಬರು ಜೊತೆಗಿಲ್ಲದೆ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಗದ್ದೆಗಿಲ್ಲ, ಕೆರೆಗಿಲ್ಲ, ಗೆಳತಿಯರ ಮದುವೆಗಿಲ್ಲ. ಅವಳನ್ನು ನೋಡಲು ಬಂದ ಬೀಗರೊಬ್ಬರ ರುಮಾಲಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದ್ದರಿಂದಲೇ ತನ್ನ ಮದುವೆ ಮುರಿಯಿತು ಎಂದು ನೀಲತ್ತಿ ನಗುತ್ತ ಹೇಳುತ್ತಿದ್ದಳು. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು.

ಮನೆಯಲ್ಲಿ ಚುರುಕುಗಾಲಿನವಳು ನಾನು, ಹಾಗಾಗಿ ಕೀಲಿಕೈ ತರುವ ಕೆಲಸ ನನ್ನದು. ಅವಳ ಕಣ್ಣು ಒಂದು ಕಡೆ ನಿಂತುಬಿಟ್ಟರೆ ನಾನು ಓಡುತ್ತಿದ್ದೆ, ಮೊಳೆಯಿಂದ ಕಿತ್ತು ತಂದು ಅವಳ ಸೆಟೆದ ಬೆರಳುಗಳನ್ನು ಬಿಡಿಸಿ ಒಳಗಿಡುತ್ತಿದ್ದೆ. ಅವಳು ಎದ್ದ ಮೇಲೆ ಮೊದಲು ತನ್ನ ಕೈ ನೋಡಿಕೊಳ್ಳುತ್ತಿದ್ದಳು, ಆಮೇಲೆ ನನ್ನನ್ನು. "ಭಾಳ ಹೊತ್ತಾತೇನ ಕೂಸ?" ಎಂದು ಕೇಳುತ್ತಿದ್ದಳು. ಎಷ್ಟೇ ಹೊತ್ತಾಗಿದ್ದರೂ ನಾನು ಇಲ್ಲ ಎನ್ನುತ್ತಿದ್ದೆ. ಅತ್ತೆಯನ್ನು ಬದುಕಿಸುವವಳು ನಾನು ಎಂಬ ಹೆಮ್ಮೆ ನನಗೆ ಎಷ್ಟಿತ್ತೆಂದರೆ, ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ಮಾಳಿಗೆಯ ಅಂಚಿನವರೆಗೆ ಚಾಚಿದ ಕೊಂಬೆಯಲ್ಲಿ ಒಂದು ಗೂಡು ಎಲ್ಲಕ್ಕಿಂತ ಮೊದಲೇ ಕಟ್ಟಿತ್ತು. ಉಳಿದ ಗೂಡುಗಳಲ್ಲಿ ಇನ್ನೂ ಮೊಟ್ಟೆ, ಕೆಲವುಗಳಲ್ಲಿ ಗರಿಯಿಲ್ಲದ ಹಸಿ ಮಾಂಸದಂಥ ಮರಿ. ಇದರಲ್ಲಿ ಮಾತ್ರ ಬಿಳಿ ತುಪ್ಪಳ ಬಂದ ಒಂದು ಮರಿ ದುಂಡಗೆ ಕುಳಿತಿತ್ತು. ಸಂಕ್ರಾಂತಿ ಕಳೆದ ಒಂದು ಭಾನುವಾರ, ಅಜ್ಜಿ ಮತ್ತು ಅವ್ವ ಗದ್ದೆಗೆ ಹೋಗಿದ್ದರು, ನೀಲತ್ತಿ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ನಾನು ಮಾಳಿಗೆಯ ಮೇಲೆ ಅಂಗಾತ ಮಲಗಿದ್ದೆ. ತಾಯಿಹಕ್ಕಿ ಬಂತು. ಮರಿ ತನ್ನ ತಲೆಯನ್ನು ಪೂರಾ ತಾಯಿಯ ಗಂಟಲೊಳಗೆ ತೂರಿಸಿ ತಿಂದಿತು. ತಿಂದು ತಲೆ ಹೊರಗೆಳೆದದ್ದೇ ತಡ, ಅದಕ್ಕೆ ಏನೋ ಆಯಿತು. ರೆಕ್ಕೆ ಬಡಿಯಿತು, ತನ್ನ ರೆಕ್ಕೆಯನ್ನು ತಾನೇ ಕಚ್ಚಿತು, ಕತ್ತು ಹಿಂದಕ್ಕೆ ತಿರುಚಿಕೊಂಡು ಗೂಡಿನೊಳಗೆ ಬಿದ್ದು ಒದ್ದಾಡಿತು. ತಾಯಿ ಸುಮ್ಮನೆ ನೋಡಿ ಹಾರಿಹೋಯಿತು. ಆ ಒದ್ದಾಟ ನನಗೆ ಹೊಸದಾಗಿರಲಿಲ್ಲ. ನೀಲತ್ತಿಯ ಕೈಕಾಲು ಹೀಗೆಯೇ ಬಡಿಯುತ್ತಿದ್ದವು. ಆಮೇಲೆ ಮರಿ ಕೊಕ್ಕು ತೆರೆದು ಸತ್ತ ಹಾಗೆ ಬಿತ್ತು.

ಹೆಜ್ಜಾರ್ಲೆಯ ಮರಿಗಳು ಹೊಟ್ಟೆ ತುಂಬಿದ ಮೇಲೆ ಹೀಗೆ ಮೂರ್ಛೆ ಬಂದಂತೆ ಬೀಳುವುದು ಸಹಜ ಎಂದು ನಾನು ಬಹಳ ವರ್ಷದ ಮೇಲೆ ಓದಿದೆ. ಯಾಕೆ ಎಂದು ಬಲ್ಲವರೂ ಖಚಿತವಾಗಿ ಹೇಳಿಲ್ಲ. ತಂದೆತಾಯಿಯ ಗಮನ ಬೇರೆ ಮರಿಗೆ ಹೋಗದಿರಲಿ ಎಂದಿರಬಹುದಂತೆ. ಒಂಬತ್ತು ವರ್ಷದ ನನಗೆ ಗೊತ್ತಿದ್ದ ಮದ್ದು ಒಂದೇ. ಏಣಿ ಇಳಿದು ಪಡಸಾಲೆಗೆ ಓಡಿದೆ, ಮೊಳೆಯಿಂದ ಕೀಲಿಕೈ ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು ಮತ್ತೆ ಏರಿದೆ. ಮಾಳಿಗೆಯಿಂದ ಕೊಂಬೆಗೆ ದಾಟಿ, ತೊಗಟೆ ಅಪ್ಪಿಕೊಂಡು ಅಂಗುಲ ಅಂಗುಲವಾಗಿ ತೆವಳಿ ಗೂಡು ಮುಟ್ಟಿದೆ. ಮರಿ ಅಲುಗದೆ ಬಿದ್ದಿತ್ತು. ಅದಕ್ಕೆ ಅಂಗೈ ಇರಲಿಲ್ಲ, ಏನು ಮಾಡುವುದು? ಕಾಲ ಬೆರಳುಗಳ ನಡುವಿನ ಪೊರೆಯ ಕೆಳಗೆ ಕೀಲಿಕೈ ಒತ್ತಿ ಹಿಡಿದೆ. ಮರಿ ಕಣ್ಣು ಬಿಟ್ಟಿತು. ಕತ್ತೆತ್ತಿತು. ನನ್ನತ್ತ ಬುಸುಗುಟ್ಟಿ ಕೊಕ್ಕು ಹಾಕಿತು. ನಾನು ಅಷ್ಟು ಸಂತೋಷವನ್ನು ಆಮೇಲೆ ಬದುಕಿನಲ್ಲಿ ಕಂಡಿಲ್ಲ, ನನ್ನ ಮದುವೆಯಲ್ಲೂ ಇಲ್ಲ. ಕೀಲಿಕೈಯನ್ನು ವಾಪಸು ತೆಗೆಯಲು ಕೈ ಚಾಚಿದೆ, ಮರಿ ಮತ್ತೆ ಕುಕ್ಕಲು ಬಂತು, ಕೈ ಹಿಂದಕ್ಕೆ ಎಳೆದುಕೊಂಡೆ. ಆಗ ನನಗೆ ಮೇಲೆ ಏನೋ ಬದಲಾಗಿದೆ ಅನ್ನಿಸಿತು. ಬೆಳಕು ಬೇರೆಯಾಗಿತ್ತು. ತಲೆಯೆತ್ತಿ ನೋಡಿದರೆ ಮರವೆಲ್ಲ ಬರಿದು. ಅಷ್ಟೂ ಹಕ್ಕಿಗಳು ಎದ್ದು ಆಕಾಶದಲ್ಲಿ ಸುತ್ತುತ್ತಿದ್ದವು. ಅರಚಾಟವಿಲ್ಲ, ಕೂಗಿಲ್ಲ, ನೂರಾರು ರೆಕ್ಕೆಗಳ ಗಾಳಿಯ ಸದ್ದು ಮಾತ್ರ. ಬೇರೆ ಹಕ್ಕಿಯಾಗಿದ್ದರೆ ಬಯ್ಯುತ್ತಿದ್ದವು. ಇವಕ್ಕೆ ಬಯ್ಯಲೂ ಬಾಯಿರಲಿಲ್ಲ.

ಕೆಳಗೆ ನೋಡಿದೆ. ನೀಲತ್ತಿ ಜೋಳದ ಹಿಟ್ಟು ಮೆತ್ತಿದ ಕೈಗಳಿಂದ ಸೆರಗನ್ನು ಅಗಲಕ್ಕೆ ಹರಡಿ ಹಿಡಿದು, ಕತ್ತೆತ್ತಿ, ನನ್ನ ನೇರಕ್ಕೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೂಗಿದರೆ ನಾನು ಬೆಚ್ಚಿ ಬೀಳುತ್ತೇನೆಂದು ಕೂಗಿರಲಿಲ್ಲ. ನಾನು ಹೇಗೋ ಹಿಂದಕ್ಕೆ ತೆವಳಿ ಇಳಿದು ಬಂದೆ. ಅವಳು ಹೊಡೆಯಲಿಲ್ಲ. "ಕೀಲಿಕೈ ಎಲ್ಲಿ?" ಎಂದಳು. "ಮರಿ ಹತ್ರ ಐತಿ ಅತ್ತಿ. ಸತ್ತಿತ್ತು. ಮುಟ್ಟಿಸಿದ ಕೂಡ್ಲೆ ಎದ್ದು ಕುಂತತಿ" ಎಂದೆ. "ಅದು ದಿನಾ ಹಂಗ ಬೀಳತೈತಿ, ದಿನಾ ತಾನ ಏಳತೈತಿ, ಹುಚ್ಚಿ" ಎಂದಳು. ತನ್ನ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿರುವವಳ ಹಾಗೆ ಅಂಗೈ ನೋಡಿಕೊಂಡಳು. ಆಮೇಲೆ, "ಯಾರ ಮುಂದೂ ಹೇಳಬ್ಯಾಡ. ನಾನೂ ಹೇಳಂಗಿಲ್ಲ" ಎಂದು ನನ್ನ ಮೊಣಕೈಯ ತರಚಿಗೆ ಅರಿಶಿನ ಹಚ್ಚಿದಳು.

ಹಕ್ಕಿಗಳು ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಕಾಗೆಗಳು, ಹದ್ದುಗಳು ಬಂದು ಕಾವಲಿಲ್ಲದ ಗೂಡುಗಳನ್ನು ಖಾಲಿ ಮಾಡಿದವು. ಮೊಟ್ಟೆಯ ಚಿಪ್ಪುಗಳು ಗುಂಡಿಯ ಮೇಲೆ ಉದುರಿದ್ದವು. ಒಮ್ಮೆ ಬೆದರಿದ ಹಕ್ಕಿ ಗೂಡನ್ನು ನಂಬುವುದಿಲ್ಲ. ನಾಲ್ಕು ದಿನದಲ್ಲಿ ಬಹುಪಾಲು ಹಕ್ಕಿ ನಮ್ಮ ಮರ ಬಿಟ್ಟು, ಕೆರೆಯ ಆಚೆ ಮಗ್ಗುಲಿನ ನೀರಿನಲ್ಲಿ ನಿಂತ ಜಾಲಿ ಗಿಡಗಳಿಗೆ ಹೋಗಿ ಹೊಸದಾಗಿ ಕಡ್ಡಿ ಹೆಣೆಯತೊಡಗಿದವು. ಉಳಿದದ್ದು ಕೊಂಬೆಯ ಮೇಲಿನ ಆ ಒಂದು ಮರಿ ಮತ್ತು ಅದರ ತಂದೆತಾಯಿ. ಅಜ್ಜಿ ದಿನಾ ಮರದ ಕೆಳಗೆ ನಿಂತು, "ಯಾರು ಏನಂದ್ರವ್ವ ನಿಮಗ? ಯಾಕ ಸಿಟ್ಟಾದ್ರಿ?" ಎಂದು ಮಕ್ಕಳನ್ನು ಕೇಳುವ ಹಾಗೆ ಕೇಳುತ್ತಿದ್ದಳು. ನಾನು ಊಟ ಬಿಟ್ಟೆ. ಕೊಂಬೆ ಏರುವ ಧೈರ್ಯ ಮತ್ತೆ ಬರಲಿಲ್ಲ, ಕೀಲಿಕೈ ಅಲ್ಲೇ ಉಳಿಯಿತು.

ಮೂರ್ಛೆ ಬಂದದ್ದು ಐದನೆಯ ದಿನ, ಸಂಜೆ ದೀಪ ಹಚ್ಚುವ ಹೊತ್ತಿಗೆ. ನೀಲತ್ತಿ ಪಡಸಾಲೆಯಲ್ಲಿ ಬಿದ್ದಳು. ನಾನು ರೂಢಿಯಂತೆ ಓಡಿ ಮೊಳೆಯ ಮುಂದೆ ನಿಂತೆ. ನೂಲುಗಳು ತೂಗುತ್ತಿದ್ದವು. ಅಜ್ಜಿ ಕೂಗಿದಳು. ಹಕ್ಕಿ ಇರುವ ಕಾಲದಲ್ಲಿ ಅಜ್ಜಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪ ಗಡಿಗೆ ಉರುಳಿಸಿ ಹುಡುಕಿದ, ಅವ್ವ ಹಾಸಿಗೆ ಜಾಡಿಸಿದಳು. ನಾನು ಗೋಡೆಗೆ ಒತ್ತಿಕೊಂಡು, ನಾನು ಅತ್ತೆಯನ್ನು ಕೊಂದೆ, ನಾನು ಅತ್ತೆಯನ್ನು ಕೊಂದೆ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಅವರು ಹುಡುಕುತ್ತಿರುವಾಗಲೇ ನೀಲತ್ತಿ ನಿಧಾನಕ್ಕೆ ಉಸಿರೆಳೆದು ಕಣ್ಣು ತೆರೆದಳು. ಎದ್ದು ಕುಳಿತಳು. ಬೆರಳು ಬಿಚ್ಚಿ ನೋಡಿಕೊಂಡಳು. "ಅವ್ವಾ, ಕೈಯಾಗ ಏನೂ ಇಲ್ಲ ನೋಡು" ಎಂದು ಬರಿಗೈಯನ್ನು ದೀಪದ ಬೆಳಕಿಗೆ ಹಿಡಿದು ನಕ್ಕಳು. ನನ್ನನ್ನು ನೋಡಿ ಇನ್ನಷ್ಟು ನಕ್ಕಳು. ಅಜ್ಜಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಂಡು, ಬಿಂದಿಗೆ ಸೊಂಟಕ್ಕಿಟ್ಟುಕೊಂಡು, ಯಾರನ್ನೂ ಜೊತೆಗೆ ಕರೆಯದೆ ಹೊಸ್ತಿಲು ದಾಟಿದಳು. ಅಜ್ಜಿ ತಡೆದಳು. "ಆರು ವರ್ಷ ಒಂದು ಕಬ್ಬಿಣದ ತುಂಡಿಗೆ ಹೆದರಿ ಕುಂತೆ. ಹಕ್ಕಿ ಹ್ಯಾಂಗದಾವ ನೋಡಿ ಬರ್ತೀನಿ ಬಿಡಬೇ" ಎಂದಳು. ಅಜ್ಜಿ ಬಿಟ್ಟಳು. ಅಂದಿನಿಂದ ದಿನಾ ಹೋದಳು. ಜಾಲಿಯಲ್ಲಿ ಎಷ್ಟು ಗೂಡಾದವು ಎಂದು ಬಂದು ಹೇಳುತ್ತಿದ್ದಳು, ಹೊಸ ನೂಲಿನಲ್ಲಿ ಗಂಟು ಹಾಕುತ್ತಿದ್ದಳು. ಏರಿಯ ಮೇಲೆ ಬಲೆ ಹೊಲಿಯುವ ಮಾಬೂಸಾಬರ ಜೊತೆ ಹರಟೆ ಹೊಡೆದು ಬರುತ್ತಿದ್ದಳು. ಅವಳ ಮುಖಕ್ಕೆ ಬಿಸಿಲು ಹತ್ತಿ ಕಪ್ಪಾಗಿ, ಕಣ್ಣು ಹೊಳೆಯುತ್ತಿದ್ದವು. ಅವಳು ಇಷ್ಟು ಚೆಲುವೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನೈದು ದಿನ ನನ್ನ ತಪ್ಪೇ ಅವಳಿಗೆ ವರವಾಯಿತು ಎಂದು ನಾನು ನಂಬಿದ್ದೆ. ಅವಳ ಬದುಕಿನಲ್ಲಿ ಅವಳಿಗೆ ಸಿಕ್ಕದ್ದು ಆ ಹದಿನೈದು ದಿನ.

ಹದಿನಾರನೆಯ ದಿನ ಶಾಲೆಯಿಂದ ಬಂದಾಗ ಮನೆಯ ಮುಂದೆ ಜನ ನಿಂತಿದ್ದರು. ಗೂಡು ಹತ್ತಿರದಿಂದ ಕಾಣಲೆಂದು ಅವಳು ಜಾಲಿ ಗಿಡಗಳ ಕಡೆ ನೀರಿಗೆ ಇಳಿದಿದ್ದಳು. ನೀರು ಮೊಣಕಾಲಿನಷ್ಟೇ ಇತ್ತು. ಅಲ್ಲೇ ಮೂರ್ಛೆ ಬಂದಿತ್ತು. ಮಾಬೂಸಾಬ್ ಏರಿಯ ಮೇಲೆಯೇ ಇದ್ದರು. ಅವರು ಅಪ್ಪನ ಕೈ ಹಿಡಿದು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಹಕ್ಕಿ ಎದ್ದಿದ್ರ ತಲಿ ಎತ್ತಿ ನೋಡ್ತಿದ್ದೆ ಸಾಹುಕಾರ್ರ. ಒಂದು ಹಕ್ಕಿನೂ ಏಳಲಿಲ್ಲ. ಗಿಡದ ಬುಡದಾಗ ಮಲಗ್ಯಾಳ, ಮ್ಯಾಲಿನ ಹಕ್ಕಿ ಅಲುಗಿಲ್ಲ." ಅವಳು ಅಷ್ಟು ಮೆಲ್ಲಗೆ ನೀರಿಗೆ ಇಳಿದಿದ್ದಳು, ಅಷ್ಟು ಮೆಲ್ಲಗೆ ಹೋದಳು. ನಾನು ಏರಿದಾಗ ಮರವೇ ಎದ್ದುಹೋಗಿತ್ತು. ಅವಳು ಹೋದಾಗ ಒಂದು ಗರಿ ಕದಲಲಿಲ್ಲ.

ಊರಿನವರು ಒಂದೇ ಮಾತು ಆಡಿದರು, ಕೀಲಿಕೈ ಕಳೆದದ್ದೇ ಕೇಡಾಯಿತು ಎಂದು. ಕೀಲಿಕೈ ಎಲ್ಲಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮೂಟೆಗಟ್ಟಲೆ ಮಾತಿನವಳು ಎನ್ನಿಸಿಕೊಂಡ ನಾನು ಆಮೇಲೆ ಮಾತು ಕಡಿಮೆ ಮಾಡಿದೆ. ಹುಡುಗಿ ಅತ್ತೆಯ ಚಿಂತೆ ಹಚ್ಚಿಕೊಂಡಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ಬೇಸಿಗೆ ಬಂತು, ಕೊಂಬೆಯ ಮರಿಯೂ ರೆಕ್ಕೆ ಬಲಿತು ಹಾರಿಹೋಯಿತು. ಗುಂಡಿಯ ಗೊಬ್ಬರ ತೋಡಿದರು, ಬಂಡಿಗಳು ಹೋದವು. ಅದಾದ ಮೂರನೆಯದೋ ನಾಲ್ಕನೆಯದೋ ದಿನ ನಾನು ಪಡಸಾಲೆಗೆ ಬಂದರೆ ಬಾಗಿಲ ಹಿಂದಿನ ಮೊಳೆಯಲ್ಲಿ ಕೀಲಿಕೈ ತೂಗುತ್ತಿತ್ತು. ಸುತ್ತ ಅವಳ ನೂಲುಗಳು. ನಾನು ಕೂಗಲಿಲ್ಲ. ನೀಲತ್ತಿಯೇ ತಂದು ಇಟ್ಟಿದ್ದಾಳೆ ಎಂದು ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಅಂದಿನಿಂದ ಆ ಬಾಗಿಲು ದಾಟುವಾಗ ಎದುರು ಗೋಡೆಗೆ ಮುಖ ಮಾಡಿ ದಾಟುತ್ತಿದ್ದೆ. ಗಾಳಿಗೆ ಅದು ಗೋಡೆಗೆ ತಾಗಿ ಟಿಕ್ ಎಂದರೆ ನನ್ನ ಅಂಗೈ ಬೆವರುತ್ತಿತ್ತು. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಎಲ್ಲಿತ್ತು, ಹೇಗೆ ಬಂತು ಎಂದು ಅಪ್ಪ ಕೇಳಲಿಲ್ಲ, ಅವ್ವ ಕೇಳಲಿಲ್ಲ. ನೀಲತ್ತಿಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಮರುವರ್ಷ ಅಜ್ಜಿ ಎಂದಿನಂತೆ ಕಟ್ಟಿಗೆ ಮೊದಲೇ ಒಡೆಸಿದಳು, ಗುಂಡಿಗೆ ಹೂಳು ತುಂಬಿಸಿದಳು. ಹಕ್ಕಿ ಕೆರೆಗೆ ಬಂದವು, ನಮ್ಮ ಮರಕ್ಕೆ ಬರಲಿಲ್ಲ. ಆದರೂ ಹಿತ್ತಲಲ್ಲಿ ಬಟ್ಟೆ ಒಗೆಯಲು ಅಜ್ಜಿ ಬಿಡಲಿಲ್ಲ. ಹಲಗೆಯವರು ಮಾತ್ರ ಮೂರನೆಯ ವರ್ಷಕ್ಕೆ ನಮ್ಮ ಓಣಿಯಲ್ಲೂ ಬಡಿದರು, ಬರಿಯ ಮರಕ್ಕೆ ಎಂಥ ಮರ್ಯಾದೆ? ಹಕ್ಕಿಯಿಲ್ಲದ ಮರದ ಕೆಳಗೆ ಬಾಯಿ ಮುಚ್ಚಿಕೊಂಡು ಓಡಾಡುವ ಮನೆ ಎಂಥದು ಎಂದು ನೀವು ಊಹಿಸಿಕೊಳ್ಳಿ. ಅಂಥ ಮನೆಯಲ್ಲಿ ನಾನು ದೊಡ್ಡವಳಾದೆ. ಮುಂದೆ ಅಜ್ಜಿ ಹೋದಳು. ಮಾಳಿಗೆ ಸೋರಿ ಸೋರಿ ಕುಸಿಯಿತು, ಅಪ್ಪ ಅದೇ ಜಾಗದಲ್ಲಿ ಸಿಮೆಂಟಿನ ಮನೆ ಕಟ್ಟಿಸಿದ. ಹುಣಸೆ ಮರವನ್ನು ಕಡಿಯಬೇಕಾಗಲೇ ಇಲ್ಲ, ಒಂದು ಮಳೆಗಾಲದಲ್ಲಿ ತಾನೇ ಉರುಳಿತು.

ಕೀಲಿಕೈಯ ನಿಜ ನನಗೆ ತಿಳಿದದ್ದು ನನ್ನ ಮದುವೆಯ ನಂತರ. ತವರಿಗೆ ಹೋದಾಗ ಮಾಬೂಸಾಬರನ್ನು ನೋಡಲು ಹೋಗಿದ್ದೆ. ಕಣ್ಣಿನ ಪೊರೆ ಬೆಳೆದು ಅವರಿಗೆ ನಾನು ಕಾಣುತ್ತಿರಲಿಲ್ಲ, ದನಿಯಿಂದ ಗುರುತು ಹಿಡಿದರು. ಕೈ ತಡವಿ ಹೇಳಿದರು. "ಬೇಟಿ, ಆ ವರ್ಷ ಗುಂಡಿ ತೋಡುವಾಗ ಸಲಿಕಿಗೆ ಟಣ್ ಅಂತು. ತೆಗೆದು ನೋಡಿದ್ರ ನಿಮ್ಮ ಮನಿ ಕೀಲಿಕೈ. ಗೂಡು ಉದುರಿದಾಗ ಬಿದ್ದಿತ್ತು, ಕಡ್ಡಿ ಸುತ್ತಿಕೊಂಡಿತ್ತು. ನಿಮ್ಮ ಅಜ್ಜಿ ಕೈಗೆ ಕೊಟ್ಟೆ. ಕೀಲಿಕೈ ನೋಡಿದ್ರು, ಗಿಡದ ಟೊಂಗಿ ನೋಡಿದ್ರು, ಮಾಳಗಿ ನೋಡಿದ್ರು. ಆಮ್ಯಾಲ ಅಂದ್ರು, ಮಾಬೂ, ಒಂದು ಕೂಸು ಹೋತು, ಇನ್ನೊಂದು ಕೂಸು ಬಾಳಬೇಕು, ಇದು ನಿನ್ನ ಹೊಟ್ಟ್ಯಾಗ ಇರ್ಲಿ." ಅಜ್ಜಿಗೆ ಗೊತ್ತಿತ್ತು. ಅಷ್ಟು ವರ್ಷ ನನ್ನ ಜಡೆ ಹೆಣೆಯುತ್ತ, ನನಗೆ ಎಣ್ಣೆ ಹಚ್ಚಿ ನೀರೆರೆಯುತ್ತ, ಒಂದು ದಿನವೂ ಅವಳ ಕೈ ಒರಟಾಗಲಿಲ್ಲ. ಕೀಲಿಕೈಯನ್ನು ಮೊಳೆಗೆ ತೂಗುಹಾಕಿದ್ದು ನನ್ನ ಭಯ ಹೋಗಲಿ ಎಂದಿರಬೇಕು. ಅವಳು ಬಾಯಿ ಬಿಟ್ಟು ಹೇಳಿದ್ದರೆ ನಾನೂ ಬಾಯಿ ಬಿಡುತ್ತಿದ್ದೆ. ಒಬ್ಬರನ್ನೊಬ್ಬರು ಉಳಿಸಲು ಹೋಗಿ ಇಬ್ಬರೂ ಮೂಕರಾಗಿ ಉಳಿದೆವು. ಆ ದುಃಖ ನನಗೆ ನೀಲತ್ತಿಯ ಸಾವಿನ ದುಃಖಕ್ಕಿಂತ ಕಡಿಮೆಯದಲ್ಲ.

ಹೋದ ವಾರ ಭೂಮಿಕಾ ಬಿದ್ದ ದಿನ ಸಂಜೆ ಅವಳ ತಾಯಿ ಕೂಲಿ ಮುಗಿಸಿ ಮಗಳನ್ನು ಕರೆದೊಯ್ಯಲು ಬಂದಳು. ಹನುಮವ್ವ ಆಗಲೇ ಅವಳಿಗೆ ಎಲ್ಲ ಹೇಳಿದ್ದಳು. ಆ ತಾಯಿ ಸೆರಗಿನ ತುದಿ ಬಿಚ್ಚಿ ಒಂದು ಸಣ್ಣ ಕೀಲಿಕೈ ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಇದು ನಿಮ್ಮ ಹತ್ರ ಇರ್ಲಿರಿ ಅಕ್ಕೋರ. ಸಾಲ್ಯಾಗ ಮತ್ತ ಬಂದ್ರ ಕೈಯಾಗ ಕೊಡ್ರಿ" ಎಂದಳು. ಅದರ ವಾಸನೆ ಮೇಜಿನಿಂದ ನನ್ನವರೆಗೆ ಬಂತು. ನಾನು ಅದನ್ನು ಎತ್ತಿ ಅವಳ ಕೈಗೆ ವಾಪಸು ಕೊಟ್ಟೆ.

"ಕೀಲಿಕೈ ಬ್ಯಾಡವ್ವ. ಆಕಿ ತಾನ ಏಳತಾಳ. ಒಂದು ಮಗ್ಗಲಿಗೆ ಮಲಗಿಸಿ ಹತ್ರ ಕುಂತ್ರ ಸಾಕು. ದವಾಖಾನಿಗೆ ತೋರ್ಸು, ಗುಳಿಗಿ ತಪ್ಪಿಸಬ್ಯಾಡ. ನೀರಿನ ಹತ್ರ ಮಾತ್ರ ಒಬ್ಬಾಕಿನ್ನ ಬಿಡಬ್ಯಾಡ. ಮೊಣಕಾಲಷ್ಟು ನೀರಿದ್ರೂ ಬಿಡಬ್ಯಾಡ" ಎಂದೆ.

ಅವಳು ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಡಾಕ್ಟರ್ ಹೇಳ್ಯಾರೇನ್ರಿ?" ಎಂದು ಕೇಳಿದಳು.

"ಡಾಕ್ಟರೂ ಹೇಳ್ತಾರ. ನನಗ ನಮ್ಮ ನೀಲತ್ತಿ ಹೇಳ್ಯಾಳ" ಎಂದೆ.

ಆ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ತಾಯಿ ಮಗಳು ಅಂಗಳ ದಾಟಿ ಗೇಟಿನ ಆಚೆ ಹೋಗುವವರೆಗೆ ನೋಡುತ್ತ ಕುಳಿತಿದ್ದೆ. ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಓಡಲು ನೋಡುತ್ತಿದ್ದಳು, ತಾಯಿ ಬಿಡಲಿಲ್ಲ.